ಎದುರು ಮ್ಯಾಳ ಇಲ್ಲದ ಊರಿನಲ್ಲಿ

ಹುನ್ನೂರು

ವೇಲ್ಸ್‌ಗೆ ಹೋಗಿ ಬಂದವರು ಊರಿಗೆ ಬಂದು ಮೊದಲು ಏನು ಹೇಳುತ್ತಾರೋ ನನಗೆ ಗೊತ್ತಿಲ್ಲ. ನಮ್ಮ ಬನಹಟ್ಟಿಯಿಂದ ಅಲ್ಲಿಗೆ ಹೋಗಿ ಬಂದವರನ್ನು ನಾನು ಕಂಡಿಲ್ಲ. ನಾನು ಹೇಳುವುದು ಒಂದು ವಾರದ ಮಾತು, ಅದನ್ನೂ ನಿಧಾನವಾಗಿ ಹೇಳುತ್ತೇನೆ. ಅಲ್ಲಿಯ ಒಂದು ಶನಿವಾರ ಮಧ್ಯಾಹ್ನ, ತುಂಬಿದ ಸಭೆಯ ಎದುರು, ಒಬ್ಬರ ಬಾಯಿಂದ ಬಂದ ಒಂದೇ ಒಂದು ಮಾತಿಗೆ ನಾನು ಸಾಕ್ಷಿ ನುಡಿಯಬೇಕಾಯಿತು. ಅವತ್ತಿನಿಂದ ಕೇಳಿದ್ದನ್ನು ಕೇಳಿದಷ್ಟೇ ಹೇಳಬೇಕು ಎಂಬ ಎಚ್ಚರ ಮೈಗೆ ಹತ್ತಿಬಿಟ್ಟಿದೆ.

ನಾನು ರಬಕವಿ-ಬನಹಟ್ಟಿಯ ಒಂದು ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವವಳು. ಮನೆತನ ನೇಕಾರರದು. ಡೊಳ್ಳಿನ ಪದ ನಮ್ಮ ಮನೆಯ ವಿದ್ಯೆಯಲ್ಲ, ಕೇಳಿ ಬೆಳೆದದ್ದು ಅಷ್ಟೇ. ಕೇಳದವರಿಗಾಗಿ ಒಂದೆರಡು ಮಾತು ಹೇಳುತ್ತೇನೆ. ಬೀರೇಶ್ವರನ ಒಕ್ಕಲಾದ ಕುರಿಗಾರರು ಕೊರಳಿಗೆ ಡೊಳ್ಳು ಹಾಕಿಕೊಂಡು ಈ ಪದ ಹಾಡುತ್ತಾರೆ. ಹಾಡುವ ತಂಡಕ್ಕೆ ಮ್ಯಾಳ ಎನ್ನುತ್ತಾರೆ. ಒಂದು ಮ್ಯಾಳ ಒಂಟಿಯಾಗಿ ಹಾಡಿ ಎದ್ದು ಹೋಗುವಂತಿಲ್ಲ, ಎದುರಿಗೆ ಇನ್ನೊಂದು ಇರಬೇಕು. ಒಬ್ಬರು ಗಂಡು ಹೆಚ್ಚು ಎಂದು ವಾದ ಹೂಡಿದರೆ ಇನ್ನೊಬ್ಬರು ಹೆಣ್ಣು ಹೆಚ್ಚು ಎನ್ನುತ್ತಾರೆ. ಪದದ ಕೊನೆಗೆ ಒಂದು ಸವಾಲು ಇಡುತ್ತಾರೆ. ಎದುರಿನವರು ಅದಕ್ಕೆ ಪದದಲ್ಲೇ ಉತ್ತರ ಕೊಟ್ಟು, ತಮ್ಮದೊಂದು ಸವಾಲು ಎಸೆಯಬೇಕು.

ಹುನ್ನೂರಿನ ಮಾಳಪ್ಪ ಗಂಡಿನ ಪಕ್ಷದ ಹಾಡುಗಾರರು. ಅವರಿಗೆ ಸರಿಸಮ ಎದುರು ಎಂದರೆ ಬೀಳಗಿ ತಾಲೂಕಿನ ಬಾಡಗಂಡಿಯ ಲಕ್ಕವ್ವ. ಇಬ್ಬರಿಗೂ ತಲೆ ನರೆತಿದೆ. ಒಬ್ಬರು ಇನ್ನೊಬ್ಬರನ್ನು ಹೊಗಳಿದ್ದನ್ನು ಮುಧೋಳದಿಂದ ಜಮಖಂಡಿಯವರೆಗೆ ಯಾರೂ ಕೇಳಿಲ್ಲ. ಒಬ್ಬರಿಗೆ ಜ್ವರ ಬಂದರೆ ಇನ್ನೊಬ್ಬರು ಹಾಡಲು ಒಪ್ಪಿಕೊಳ್ಳುವುದಿಲ್ಲ, ಅದೂ ಎಲ್ಲರಿಗೂ ಗೊತ್ತು.

ವೇಲ್ಸ್‌ನ ಒಂದು ಸಣ್ಣ ಕಾಲೇಜಿನಲ್ಲಿ ಸಂಗೀತ ಕಲಿಸುವ ಕ್ಯಾರಿಸ್ ಎಂಬಾಕೆ ನಮ್ಮ ಕಾಲೇಜಿಗೆ ಉಪನ್ಯಾಸ ಕೊಡಲು ಬಂದಿದ್ದರು. ಆಗ ಹುನ್ನೂರಿನಲ್ಲಿ ಈ ಇಬ್ಬರ ಜಗಳ ಕೇಳಿದರು. ನಾನು ಅದನ್ನು ಜಗಳ ಎಂದೇ ಕರೆಯುತ್ತೇನೆ. ಮುಂದಿನ ವರ್ಷ ತಮ್ಮ ಕಾಲೇಜಿನ ಕಲಾ ಹಬ್ಬಕ್ಕೆ ಇಬ್ಬರನ್ನೂ ಕರೆದರು. ಮಾತು ತಿರುಗಿಸಿ ಹೇಳಲು ನನ್ನನ್ನೂ ಕರೆದರು. ಹೊರಡುವ ಹೊತ್ತಿಗೆ ಲಕ್ಕವ್ವನ ಕಾಗದಪತ್ರ ಎಡವಿತು. ಒಂದು ಕಾಗದದಲ್ಲಿ ಆಕೆ ಲಕ್ಕವ್ವ, ಇನ್ನೊಂದರಲ್ಲಿ ಲಕ್ಷ್ಮೀಬಾಯಿ. ಇಬ್ಬರೂ ಒಬ್ಬರೇ ಎಂದು ಕಚೇರಿಯವರನ್ನು ನಂಬಿಸುವಷ್ಟರಲ್ಲಿ ಹೋಗುವ ದಿನ ಬಂದುಬಿಟ್ಟಿತ್ತು. ನಾನು ಬಾಡಗಂಡಿಗೆ ಹೋಗಿ ಸಮಾಧಾನ ಹೇಳಲು ಬಾಯಿ ತೆರೆದೆ. ಲಕ್ಕವ್ವ ಚಹಾದ ಬಟ್ಟಲು ನನ್ನ ಮುಂದೆ ಇಟ್ಟು, ಒಂದೇ ಮಾತು ಹೇಳಿದರು.

"ಹೋಗಿ ಬರ್ರಿ ಅಕ್ಕೋರ. ಅಂವ ಅಲ್ಲಿ ಗೋಡಿ ಜೋಡಿ ಹಾಡ್ಲಿ."

ಹೀಗೆ ಮೂವರೇ ಹೊರಟೆವು. ಮಾಳಪ್ಪ, ನಾನು, ಮತ್ತು ಹಿಮ್ಮೇಳಕ್ಕೆ ಅವರ ಅಳಿಯ ಸಿದ್ದಪ್ಪ. ಸಿದ್ದಪ್ಪ ಹಿಪ್ಪರಗಿಯವನು, ಟ್ರ್ಯಾಕ್ಟರ್ ಇಟ್ಟುಕೊಂಡು ಕಬ್ಬು ಸಾಗಿಸುತ್ತಾನೆ. ಒಂದು ಕಾಲಕ್ಕೆ ನನ್ನ ವಿದ್ಯಾರ್ಥಿ. ಅವನ ಇಂಗ್ಲಿಷ್ ಬಗ್ಗೆ ನಾವಿಬ್ಬರೂ ಮಾತಾಡುವುದಿಲ್ಲ.

ವಿಮಾನ ನಿಲ್ದಾಣ

ಡೊಳ್ಳನ್ನು ಸಾಮಾನಿನ ಜೊತೆ ಕಳಿಸಲು ಮಾಳಪ್ಪ ಒಪ್ಪಲಿಲ್ಲ. ದೇವರ ಡೊಳ್ಳು ಕಂಡವರ ಚೀಲದ ಕೆಳಗೆ ಬೀಳಬಾರದು ಎಂಬುದು ಅವರ ವಾದ. ತಪಾಸಣೆಯ ಹುಡುಗಿ ಡೊಳ್ಳನ್ನು ತಟ್ಟಿ ನೋಡಿದಳು, ಅದು ಗುಂಯ್ ಎಂದಿತು. ಅವಳು ಬೆಚ್ಚಿ ಕೈ ತೆಗೆದಳು. ಒಳಗೇನಿದೆ ಎಂದು ಕೇಳಿದಳು. ನಾನು ಉತ್ತರ ಹುಡುಕುತ್ತಿದ್ದಾಗ ಮಾಳಪ್ಪ ತಾವೇ ಹೇಳಿದರು.

"ಒಳಗ ಏನೂ ಇಲ್ಲವ್ವ ತಂಗಿ. ಇದ್ದಿದ್ರ ಬಾರಸ್ತಿರಲಿಲ್ಲ."

ಅವಳಿಗೆ ಕನ್ನಡ ಬರುತ್ತಿತ್ತು. ನಕ್ಕಳು, ಹಿರಿಯ ಅಧಿಕಾರಿಯನ್ನು ಕರೆದಳು, ಆತನಿಗೂ ಇದೇ ಮಾತು ಹೇಳಿಸಿದಳು, ಆತನೂ ನಕ್ಕ. ಕೊನೆಗೆ ಮಾವನದು, ಅಳಿಯನದು ಎರಡೂ ಡೊಳ್ಳು ಕಂಬಳಿ ಸುತ್ತಿಕೊಂಡು, ವಿಮಾನದ ಹಿಂದಿನ ಒಂದು ಮೂಲೆಯಲ್ಲಿ ಪರಿಚಾರಿಕೆಯರ ಕಾವಲಿನಲ್ಲಿ ಕೂತು ಬಂದವು. ಮಾಳಪ್ಪ ನಡುವೆ ನಡುವೆ ಎದ್ದು ಹೋಗಿ ನೋಡಿ ಬರುತ್ತಿದ್ದರು. ಕೂಸು ಮಲಗಿಸಿ ಬಂದವರ ಹಾಗೆ ಮೆಲ್ಲಗೆ ನಡೆಯುತ್ತಿದ್ದರು.

ಬುಧವಾರ: ಕಾಲೇಜು

ಕಾಲೇಜು ಅಂದರೆ ಒಂದು ಗುಡ್ಡದ ಇಳಿಜಾರಿನಲ್ಲಿ ಕಲ್ಲಿನ ನಾಲ್ಕಾರು ಕಟ್ಟಡ. ಸುತ್ತ ಹಸಿರು, ಹಸಿರಿನ ಮೇಲೆ ಕುರಿ. ಊರಿನ ಮುಖ್ಯ ಬೀದಿ ನಮ್ಮ ರಬಕವಿಯ ಬಟ್ಟೆ ಪೇಟೆಗಿಂತ ಗಿಡ್ಡ. ಅಲ್ಲಿಯ ಫಲಕಗಳೆಲ್ಲ ಎರಡು ಭಾಷೆಯಲ್ಲಿವೆ. ಮೇಲೆ ಅವರ ವೇಲ್ಸ್ ಭಾಷೆ, ಕೆಳಗೆ ಇಂಗ್ಲಿಷ್. ಕನ್ನಡ ಮೇಲೆ ಬರಲಿ ಎಂದು ಜಗಳಾಡುವ ನಮಗೆ ಇದನ್ನು ಕಂಡು ಒಳಗೊಳಗೇ ಖುಷಿಯಾಯಿತು.

ಮಳೆ ಬರುತ್ತಿದೆ ಎಂದು ಹೇಳುವ ಹಾಗಿಲ್ಲ, ನಿಂತಿದೆ ಎಂದೂ ಹೇಳುವ ಹಾಗಿಲ್ಲ. ಗಾಳಿಯೇ ಒದ್ದೆ. ಸಂಜೆಯೊಳಗೆ ಡೊಳ್ಳಿನ ಚರ್ಮ ಸಡಿಲಾಗಿ, ಬಾರಿಸಿದರೆ ಹಿಟ್ಟಿನ ಚೀಲಕ್ಕೆ ಗುದ್ದಿದಂತಾಯಿತು. ನಮ್ಮಲ್ಲಾದರೆ ಬಿಸಿಲಿಗೆ ಇಡುತ್ತಾರೆ, ಬಿಸಿಲಿಲ್ಲದಿದ್ದರೆ ಬೆಂಕಿ ಕಾಸುತ್ತಾರೆ. ಇಲ್ಲಿ ಬಿಸಿಲು ಇಲ್ಲ, ಬೆಂಕಿ ಹಚ್ಚಿದರೆ ಗಂಟೆ ಹೊಡೆದುಕೊಳ್ಳುತ್ತದೆ. ಸಿದ್ದಪ್ಪ ಒಂದಷ್ಟು ಹೊತ್ತು ಕಾಣೆಯಾದ. ಹುಡುಕಿಕೊಂಡು ಹೋದರೆ ಗಂಡಸರ ಶೌಚಾಲಯದ ಬಾಗಿಲಲ್ಲಿ ಇಬ್ಬರು ಪ್ರಾಧ್ಯಾಪಕರು ಒಳಗೆ ಹೋಗದೆ ನಿಂತಿದ್ದರು. ಒಳಗೆ ಕೈ ಒಣಗಿಸುವ ಯಂತ್ರದ ಬಿಸಿಗಾಳಿಗೆ ಸಿದ್ದಪ್ಪ ಡೊಳ್ಳು ಹಿಡಿದು, ಒಮ್ಮೆ ಈ ಮಗ್ಗುಲು, ಒಮ್ಮೆ ಆ ಮಗ್ಗುಲು ತಿರುಗಿಸುತ್ತಿದ್ದ. ಯಂತ್ರ ನಿಂತಾಗ ತನ್ನ ಕೈ ಒಡ್ಡಿ ಮತ್ತೆ ಶುರು ಮಾಡುತ್ತಿದ್ದ. ಮರುದಿನ ಆ ಬಾಗಿಲಿಗೆ ಒಂದು ಚೀಟಿ ಅಂಟಿಸಲಾಗಿತ್ತು. ವಾದ್ಯ ಒಣಗಿಸುವವರು ಅಡುಗೆಕೋಣೆಯವರನ್ನು ಕೇಳಿರಿ, ಅಲ್ಲಿ ಜಾಗ ಮಾಡಿಕೊಟ್ಟಿದ್ದಾರೆ ಎಂದು ಎರಡು ಭಾಷೆಯಲ್ಲಿ ಬರೆದಿದ್ದರು.

ಊಟಕ್ಕೆ ತಣ್ಣನೆಯ ಬ್ರೆಡ್ಡಿನ ತುಂಡುಗಳ ನಡುವೆ ತಣ್ಣನೆಯ ಸೌತೆಕಾಯಿ. ಸಿದ್ದಪ್ಪ ತಾನು ತಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿದ. ಇವರು ತಮ್ಮ ಮನೆಯಲ್ಲೇ ಕೂತು ಬುತ್ತಿ ಉಣ್ಣುತ್ತಾರಲ್ಲ, ಊರಿಗೆ ಹೋಗುವಾಗ ಏನು ಕಟ್ಟಿಕೊಳ್ಳುತ್ತಾರೆ ಎಂಬುದು ಅವನ ಚಿಂತೆಯಾಗಿತ್ತು. ಕ್ಯಾರಿಸ್ ಒಂದು ರೊಟ್ಟಿ ಮುರಿದರು. ಆ ಸದ್ದಿಗೆ ಪಕ್ಕದ ಮೇಜಿನವರು ತಿರುಗಿ ನೋಡಿದರು. ಆಮೇಲೆ ಆ ಮೇಜಿಗೂ ರೊಟ್ಟಿ ಹೋಯಿತು.

ಗುರುವಾರ: ಉಪನ್ಯಾಸ

ನಮ್ಮ ಕಾಲೇಜಿನ ಉಪನ್ಯಾಸ ಹೇಗಿರುತ್ತದೆ ಎಂದು ನಿಮಗೆ ಗೊತ್ತು. ಪ್ರಾರ್ಥನೆ, ದೀಪ, ಸ್ವಾಗತ, ಪ್ರಾಸ್ತಾವಿಕ, ಅತಿಥಿ ಪರಿಚಯ, ಶಾಲು, ಹಾರ, ಹಣ್ಣಿನ ಬುಟ್ಟಿ. ಉಪನ್ಯಾಸಕ್ಕೆ ಬರುವಷ್ಟರಲ್ಲಿ ಅತಿಥಿಯ ರೈಲಿನ ಹೊತ್ತಾಗಿರುತ್ತದೆ. ಆಮೇಲೆ ಅಧ್ಯಕ್ಷರು ಅತಿಥಿ ಹೇಳಬೇಕೆಂದಿದ್ದನ್ನು ತಾವೇ ಹೇಳುತ್ತಾರೆ. ಕ್ಯಾರಿಸ್ ನಮ್ಮಲ್ಲಿಗೆ ಬಂದಾಗ ಶಾಲು ಹೊದ್ದು, ಹಾರ ಹಾಕಿಕೊಂಡು, ಅದನ್ನು ತೆಗೆಯಬೇಕು ಎಂದು ಗೊತ್ತಾಗದೆ ಹಾಗೆಯೇ ಮಾತಾಡಿದ್ದರು. ಸೇವಂತಿಗೆ ದಳಗಳು ಅವರ ಟಿಪ್ಪಣಿಯ ಮೇಲೆ ಉದುರುತ್ತಿದ್ದವು.

ಅಲ್ಲಿ ಅದೇನೂ ಇಲ್ಲ. ಊರಿನ ಯಾರು ಬೇಕಾದರೂ ಬರಬಹುದು. ಬಂದವರು ಒದ್ದೆ ಕೋಟು ಬಿಚ್ಚಿ ಕುರ್ಚಿಯ ಬೆನ್ನಿಗೆ ಹಾಕಿ ಕೂತರು. ಕ್ಯಾರಿಸ್ ಎದ್ದು ನಮ್ಮ ಹೆಸರು ಹೇಳಿ ಕೂತುಬಿಟ್ಟರು. ನನಗೆ ಇನ್ನೂ ಗಂಟಲು ಸರಿಮಾಡಿಕೊಳ್ಳಲು ಸಮಯ ಸಿಕ್ಕಿರಲಿಲ್ಲ. ಮೊದಲ ಸಾಲಿನಲ್ಲಿ ಒಬ್ಬ ಅಜ್ಜಿ ಉಣ್ಣೆಯ ಚೆಂಡು ತೆಗೆದು, ಕಡ್ಡಿಗಳಿಂದ ಹೆಣೆಯಲು ಶುರುಮಾಡಿದರು. ನಾನು ಮಾತಾಡುವಾಗ ಹೆಣೆಯುವುದೇ ಎಂದು ನನ್ನ ಮುಖ ಸಪ್ಪಗಾಯಿತು. ಮಾಳಪ್ಪ ನನ್ನ ಕಡೆ ಬಾಗಿ, ಆ ಅಜ್ಜಿ ಛಲೋ ಕೇಳಾಕತ್ತಾಳ ನೋಡ್ರಿ ಎಂದರು. ಅವರ ಮನೆಯಲ್ಲೂ ಹೆಂಗಸರು ನೂಲುತ್ತಲೇ ಪದ ಕೇಳುತ್ತಾರಂತೆ. ಕೈ ಖಾಲಿ ಇದ್ದವರೇ ಹೆಚ್ಚು ತೂಕಡಿಸುತ್ತಾರಂತೆ.

ನಾನು ಡೊಳ್ಳಿನ ಪದದ ಕುರಿತು ಮಾತಾಡಿದೆ. ಮ್ಯಾಳ, ಸವಾಲು, ಜವಾಬು ಎಲ್ಲ ಹೇಳಿದೆ. ಕೊನೆಗೆ ಮಾದರಿಗೆಂದು ಮಾಳಪ್ಪ ಒಂದು ಪದ ಹಾಡಬೇಕೆಂದು ಗೊತ್ತಾಗಿತ್ತು. ಅವರು ಎದ್ದು, ಡೊಳ್ಳು ಕೊರಳಿಗೆ ಹಾಕಿಕೊಂಡು, ಕಿಟಕಿಯ ಗಾಜು ನಡುಗುವಂತೆ ಹಾಡಿದರು.

"ಮ್ಯಾಲಿಂದ ಮಳಿ ಬಂತ, ನಡಗಲಿಲ್ಲ ಮೈ,
ಉಣ್ಣಿ ಕೊಟ್ಟಿದ್ದ ಕುರಿ, ಕಂಬಳಿ ನೇದಿದ್ದ ಗಂಡಿನ ಕೈ.
ಮಳಿ ತಡದವರ ಇಬ್ಬರೊಳಗ ದೊಡ್ಡವರ ಯಾರ ಹೇಳ,
ಹೇಳದಿದ್ರ ಡೊಳ್ಳ ಕೆಳಗಿಡ, ಎದುರಿನ ಮ್ಯಾಳ."

ಮಳೆ ತಡೆದದ್ದರಲ್ಲಿ ಉಣ್ಣೆ ಕೊಟ್ಟ ಕುರಿ ದೊಡ್ಡದೋ, ಕಂಬಳಿ ನೇಯ್ದ ಗಂಡು ದೊಡ್ಡವನೋ ಎಂಬುದು ಸವಾಲು ಎಂದು ನಾನು ಅರ್ಥ ಹೇಳಿದೆ. ಜನ ಚಪ್ಪಾಳೆ ತಟ್ಟಿದರು. ಮಾಳಪ್ಪ ಡೊಳ್ಳು ಇಳಿಸದೆ ಅವರ ಕಡೆ ನೋಡುತ್ತ ನಿಂತರು. ಆಗ ಕ್ಯಾರಿಸ್ ಎದ್ದು, ಅಲ್ಲಿಯ ರೂಢಿಯಂತೆ, ಯಾರಾದರೂ ಪ್ರಶ್ನೆ ಕೇಳುವುದಿದೆಯೇ ಎಂದರು. ಎರಡನೆಯ ಸಾಲಿನ ಒಬ್ಬ ಸಭ್ಯ ಮನುಷ್ಯ ಕೈ ಎತ್ತಿ, ಈ ಡೊಳ್ಳು ಎಷ್ಟು ಹಳೆಯದು ಎಂದು ಕೇಳಿದರು. ನಾನು ಅದನ್ನು ಇದ್ದ ಹಾಗೆ ಮಾಳಪ್ಪನಿಗೆ ತಿಳಿಸಿದೆ.

ಅವರ ಮುಖ ಬದಲಾಯಿತು. ಇನ್ನೊಬ್ಬರು, ಇದನ್ನು ಎಷ್ಟನೇ ವಯಸ್ಸಿಗೆ ಕಲಿತಿರಿ ಎಂದರು. ಮತ್ತೊಬ್ಬರು ಚರ್ಮ ಯಾವ ಪ್ರಾಣಿಯದು ಎಂದರು. ಮಾಳಪ್ಪ ಡೊಳ್ಳಿನ ಹಗ್ಗ ಬಿಗಿಹಿಡಿದು ನಿಂತರು. ನಾನೇ ನನಗೆ ತಿಳಿದಂತೆ ಉತ್ತರ ಕೊಟ್ಟೆ. ಸಭೆ ಮುಗಿದು ಎಲ್ಲರೂ ಚಹಾಕ್ಕೆ ಹೋದರು. ಮಾಳಪ್ಪ ಡೊಳ್ಳು ಕೊರಳಲ್ಲಿ ಹಾಕಿಕೊಂಡೇ ಬಂದರು, ಹಾಕಿಕೊಂಡೇ ಚಹಾ ಕುಡಿದರು. ಬಿಸ್ಕತ್ತಿನ ತಟ್ಟೆಯನ್ನು ಯಾರೋ ಡೊಳ್ಳಿನ ಮೇಲೆಯೇ ಇಡಲು ಬಂದು, ನಮ್ಮ ಮುಖ ನೋಡಿ ಹಿಂದಕ್ಕೆ ತೆಗೆದುಕೊಂಡರು.

ಏನಾಯಿತು ಎಂದು ಸಿದ್ದಪ್ಪನನ್ನು ಕೇಳಿದೆ.

"ಸವಾಲಿಗೆ ಸವಾಲ ಹಾಕಿದ್ರಲ್ರಿ ಮೇಡಂ," ಎಂದ. "ಮಾವ ಕೇಳಿದ್ದಕ್ಕ ಒಬ್ಬರೂ ಉತ್ತರ ಕೊಡಲಿಲ್ಲ. ಮ್ಯಾಲ ತಾವ ಮೂರ ಹಾಕಿದ್ರು. ನಮ್ಮ ಕಡೆ ಹಿಂಗ ಮಾಡಿದ್ರ ಮ್ಯಾಳ ಎದ್ದ ಹೊಕ್ಕೈತ್ರಿ."

ಉತ್ತರ ಬರುವ ತನಕ ಸವಾಲು ಹಾಕಿದವನು ಡೊಳ್ಳನ್ನು ನೆಲಕ್ಕೆ ಇಡುವಂತಿಲ್ಲ. ಅವರ ಗುರುಗಳ ಕಟ್ಟಳೆ ಅದು. ಅವತ್ತು ಮಲಗುವಾಗ ಮಾಳಪ್ಪ ಡೊಳ್ಳನ್ನು ಮಂಚದ ಮೇಲೆ ಇಟ್ಟು, ಕಂಬಳಿ ಹೊದಿಸಿ, ತಾವು ಕೆಳಗೆ ಮಲಗಿದರು ಎಂದು ಸಿದ್ದಪ್ಪ ಬೆಳಗ್ಗೆ ಹೇಳಿದ.

ಶುಕ್ರವಾರ: ಗುಡ್ಡ

ಬೆಳಿಗ್ಗೆ ಕ್ಯಾರಿಸ್ ನಮ್ಮನ್ನು ಗುಡ್ಡ ತೋರಿಸಲು ಕರೆದೊಯ್ದರು. ಕುರಿಗಳ ಬೆನ್ನಿಗೆ ನೀಲಿ, ಕೆಂಪು ಬಣ್ಣದ ಗುರುತು ಹಚ್ಚಿದ್ದರು. ಯಾರದು ಯಾವುದು ಎಂದು ತಿಳಿಯಲಂತೆ. ಇದಕ್ಕೆ ಮಾಳಪ್ಪ ನಕ್ಕರು. ಹುನ್ನೂರಿನಲ್ಲಿ ಕುರಿಯ ಮುಖ ನೋಡಿ ಹೇಳುತ್ತಾರೆ. ಆಮೇಲೆ ಅವರು ಗುಡ್ಡದ ಮೇಲೆ ಕೆಳಗೆ ನೋಡತೊಡಗಿದರು. ಏನು ಹುಡುಕುತ್ತಿದ್ದೀರಿ ಎಂದೆ.

"ಕಾಯಾಂವ ಎಲ್ಲಿ ಅದಾನ್ರಿ?"

ಕಾಯುವವರು ಇರುವುದಿಲ್ಲ, ಬೇಲಿ ಇದೆ ಎಂದು ಕ್ಯಾರಿಸ್ ಹೇಳಿದರು. ಮಾಳಪ್ಪ ಬೇಲಿಯ ತಂತಿ ಮುಟ್ಟಿ ನೋಡಿದರು. ಒಂದು ಕುರಿ ಬಂದು ಅವರ ಧೋತರದ ಅಂಚು ಬಾಯಲ್ಲಿ ಹಿಡಿಯಿತು. ಅವರು ಬಿಡಿಸಿಕೊಳ್ಳದೆ ಅದರ ಕಿವಿ ಸವರುತ್ತ ನಿಂತರು. ಅಲ್ಲಿಯೇ, ಮಳೆಹನಿಯಲ್ಲಿ, ನಾಳೆ ತಮಗೆ ಹಾಡಲಾಗುವುದಿಲ್ಲ ಎಂದು ಹೇಳಿದರು.

ಶನಿವಾರದ ಹಾಡಿಗಾಗಿಯೇ ನಮ್ಮನ್ನು ಕರೆಸಿದ್ದು. ಊರ ತುಂಬ ಮಾಳಪ್ಪನ ಚಿತ್ರದ ಕಾಗದ ಅಂಟಿಸಿದ್ದರು. ಮೀನಿನ ಅಂಗಡಿಯಲ್ಲೂ ಇತ್ತು. ಗುರುವಾರದವರು ಬೇಕೆಂದು ಮಾಡಿದ್ದಲ್ಲ, ಅವರ ರೂಢಿಯೇ ಹಾಗೆ ಎಂದು ನಾನು ತಿಳಿಸಿ ಹೇಳಿದೆ. ಅದು ನನಗೂ ತಿಳಿಯಿತು ಎಂದರು. ಸಿಟ್ಟು ಇರಲಿಲ್ಲ. ಆದರೂ ಹಾಕಿದ ಸವಾಲು ಹಾಗೇ ಉಳಿದಿದೆ. ಹಾಕಿದವನೇ ಅದನ್ನು ಬಿಡಿಸುವಂತಿಲ್ಲ, ಬಿಡಿಸದೆ ಮುಂದಿನ ಪದ ಎತ್ತುವಂತಿಲ್ಲ. ಗುರುವಿನ ಎದುರು ದೇವರ ಅರಿಶಿನದ ಭಂಡಾರ ಹಚ್ಚಿಕೊಂಡು ಒಪ್ಪಿದ ಮಾತು. ವಿಮಾನ ಹತ್ತಿದ ಮಾತ್ರಕ್ಕೆ ಅದು ಕಳಚಿ ಬೀಳುತ್ತದೆಯೇ?

ನಾನು ಎಲ್ಲವನ್ನೂ ಕ್ಯಾರಿಸ್‌ಗೆ ತಿರುಗಿಸಿ ಹೇಳಿದೆ. ಅವರು ಕಾರ್ಯಕ್ರಮದ ಚಿಂತೆ ಮಾಡುತ್ತಾರೆ ಎಂದುಕೊಂಡಿದ್ದೆ. ಆಕೆ ಮಾಳಪ್ಪನ ಕೈ ಹಿಡಿದು, ನಿನ್ನೆ ನಾನೇ ತಪ್ಪು ಜಾಗದಲ್ಲಿ ಎದ್ದೆ, ಕ್ಷಮಿಸಬೇಕು ಎಂದರು. ಆಮೇಲೆ, ಎದುರು ಹಾಡುವಾಕೆ ಊರಿನಿಂದಲೇ ಹಾಡಬಹುದಲ್ಲ, ಸಭಾಂಗಣದ ಧ್ವನಿಗೆ ಫೋನು ಜೋಡಿಸಿದರಾಯಿತು ಎಂದರು. ಮಾಳಪ್ಪ ಒಪ್ಪಲಿಲ್ಲ. ಫೋನಿನಲ್ಲಿ ಯಾರಾದರೂ ಮ್ಯಾಳ ಕಟ್ಟುತ್ತಾರೆಯೇ? ಮೇಲಾಗಿ ಆಕೆ ಬರುವುದಿಲ್ಲ. ಸಹಾಯ ಕೇಳಿದ ಎಂದು ಜೀವನಪೂರ್ತಿ ಆಡಿಕೊಳ್ಳುತ್ತಾಳೆ.

ಸಿದ್ದಪ್ಪ ಅಷ್ಟರಲ್ಲಿ ಫೋನು ಹಚ್ಚಿಬಿಟ್ಟಿದ್ದ. ಅದನ್ನು ನನ್ನ ಕೈಗೆ ಕೊಟ್ಟು ದೂರ ಹೋಗಿ ಕುರಿ ನೋಡುತ್ತ ನಿಂತ. ನಾನು ಲಕ್ಕವ್ವನಿಗೆ ನಡೆದದ್ದನ್ನೆಲ್ಲ ಹೇಳಿ, ಮಾಳಪ್ಪನಿಗೆ ಸಹಾಯ ಮಾಡಬೇಕು ಎಂದು ಬೇಡಿಕೊಂಡೆ. ಬಾಡಗಂಡಿಯಲ್ಲಿ ಕಬ್ಬಿನ ಗಾಡಿಗಳ ಸದ್ದು ಕೇಳುತ್ತಿತ್ತು. ಆಕೆ ಮೊದಲು ಆ ಸವಾಲು ಏನಿತ್ತು ಹೇಳ್ರಿ ಎಂದರು. ಹೇಳಿದೆ. ಹೂಂ ಎಂದರು.

"ಸಹಾಯ ಮಾಡಾಕ ನಾ ಬರಂಗಿಲ್ರಿ," ಎಂದರು. "ಸೋಲಸಾಕ ಬರ್ತೇನಿ. ಆಗಬಹುದೇನ ಕೇಳ್ರಿ ಅಂವನ್ನ."

ನಾನು ಕೇಳಿದೆ. ಮಾಳಪ್ಪ ಕುರಿಯ ಬಾಯಿಂದ ಧೋತರ ಬಿಡಿಸಿಕೊಂಡು ನೆಟ್ಟಗೆ ನಿಂತರು. ಬೇಲಿಯ ಬಳಿ ಬಂದಾಗಿನಿಂದ ಅವರ ಮುಖದಲ್ಲಿ ನಾನು ಕಂಡ ಮೊದಲ ನಗು ಅದು.

"ಬಾ ಅನ್ರಿ."

ಶನಿವಾರ: ಸಭಾಂಗಣ

ಸಭಾಂಗಣ ಒಂದು ಹಳೆಯ ಪ್ರಾರ್ಥನಾ ಮಂದಿರ. ಅವರ ಹಬ್ಬದಲ್ಲಿ ಅವತ್ತು ಬೆಳಗ್ಗೆ ಮಣ್ಣಿನ ಪಾತ್ರೆ ಮಾಡುವವರು, ಕವಿತೆ ಓದುವವರು, ಗಡ್ಡದ ಗಂಡಸರ ಒಂದು ಸಾಮೂಹಿಕ ಗಾಯನ ಎಲ್ಲ ಆಗಿತ್ತು. ನಮ್ಮ ಸರದಿ ಮಧ್ಯಾಹ್ನ. ವೇದಿಕೆಯ ಬಲಕ್ಕೆ ಮಾಳಪ್ಪ ಮತ್ತು ಸಿದ್ದಪ್ಪ. ಎಡಕ್ಕೆ ಒಂದು ಖಾಲಿ ಕುರ್ಚಿ, ಅದರ ಮೇಲೆ ಫೋನು. ನಡುವೆ ನಾನು. ಫೋನನ್ನು ಬರಿಯ ಕುರ್ಚಿಯ ಮೇಲೆ ಇಡಬಾರದೆಂದು ಮಾಳಪ್ಪ ತಮ್ಮ ಕಂಬಳಿಯನ್ನೇ ಮಡಚಿ ಹಾಸಿದರು. ಹೆಣಿಗೆಯ ಅಜ್ಜಿ ಮೊದಲ ಸಾಲಿನಲ್ಲೇ ಇದ್ದರು. ಗುರುವಾರ ಅಂಗೈಯಗಲ ಇದ್ದ ಹೆಣಿಗೆ ಈಗ ಸ್ವೆಟರಿನ ಒಂದು ತೋಳಾಗಿತ್ತು.

ಮಾಳಪ್ಪ ಹಿಂದಿನ ಸವಾಲನ್ನೇ ಮತ್ತೆ ಹಾಡಿದರು. ಈ ಸಲ ಕ್ಯಾರಿಸ್ ಏಳಲಿಲ್ಲ. ಸಭೆ ಕುರ್ಚಿಯ ಮೇಲಿನ ಫೋನನ್ನು ನೋಡುತ್ತ ಕೂತಿತು. ಒಂದು ಗಳಿಗೆ ಬರೀ ಫೋನಿನ ಗರಗರ ಸದ್ದು. ಆಮೇಲೆ ಬಾಡಗಂಡಿಯ ಡೊಳ್ಳು ವೇಲ್ಸ್‌ನ ಗೋಡೆಗೆ ಬಡಿಯಿತು. ಹಿಂದಿನ ಸಾಲಿನ ಒಂದಿಬ್ಬರು ಮೇಲಕ್ಕೆ ನೋಡಿದರು.

"ಕುರಿ ಮೈಯ ಉಣ್ಣಿ ತಾನ ಕಂಬಳಿ ಆಗಲಿಲ್ಲ,
ನೂಲ ತೆಗದ ಕೊಡದಿದ್ರ ನಿನ ಮಗ್ಗ ನಡಿಯಲಿಲ್ಲ.
ಇಬ್ಬರನ್ನ ಎಣಿಸಿದಿ, ನಡುವಿನಾಕಿನ್ನ ಮರತಿ,
ಕದರ ತಿರವಿದ ಹೆಣ್ಣಿನ ಕೈಯಾಗ ಐತಿ ಕೀರತಿ."

ನಾನು ಅರ್ಥ ಹೇಳಿದೆ. ಉಣ್ಣೆ ಕೊಟ್ಟ ಕುರಿಯೂ ದೊಡ್ಡದಲ್ಲ, ನೇಯ್ದ ಗಂಡೂ ದೊಡ್ಡವನಲ್ಲ. ಇಬ್ಬರ ನಡುವೆ ಕೂತು ಕದಿರು ತಿರುವಿ ನೂಲು ತೆಗೆದವಳನ್ನು ಮರೆತೆಯಲ್ಲ ಎನ್ನುತ್ತಿದ್ದಾರೆ ಎಂದೆ. ಹೆಣಿಗೆಯ ಅಜ್ಜಿಯ ಕಡ್ಡಿ ನಿಂತಿತು. ಅವರು ಎರಡೂ ಕೈಯನ್ನು ಉಣ್ಣೆಯ ಸಮೇತ ಮೇಲೆತ್ತಿದರು. ಸಭೆ ಗೊಳ್ಳೆಂದಿತು. ಮಾಳಪ್ಪ ಡೊಳ್ಳನ್ನು ಕೊರಳಿಂದ ಇಳಿಸಿ, ಎರಡು ದಿನದ ಮೇಲೆ ಮೊದಲ ಸಲ, ನೆಲಕ್ಕೆ ಇಟ್ಟರು. ಸೊಂಟ ಹಿಡಿದು ಒಮ್ಮೆ ನೆಟ್ಟಗಾಗಿ, ಮತ್ತೆ ಎತ್ತಿ ಹಾಕಿಕೊಂಡರು. ಏಕೆಂದರೆ ಲಕ್ಕವ್ವ ನಿಲ್ಲಿಸಿರಲಿಲ್ಲ.

"ಎದುರ ಯಾರೂ ಇಲ್ಲದ ಊರಾಗ ಡೊಳ್ಳ ಬಾರಿಸಿದಿ,
ಗೆದ್ದೇನಂತ ಮೀಸಿ ತಿರವಿ ಗುಡ್ಡದಂಗ ಕುಂತಿದಿ.
ಸೋಲಾವರಿಲ್ಲದ ಗೆಲುವಿಗೆ ಹೆಸರೇನೈತಿ ಹೇಳ,
ಹೇಳದಿದ್ರ ಡೊಳ್ಳ ಕೆಳಗಿಡ, ಹುನ್ನೂರ ಮ್ಯಾಳ."

ಇದನ್ನೂ ತಿರುಗಿಸಿ ಹೇಳಿದೆ. ಸಭೆ ಈಗ ಮಾಳಪ್ಪನ ಕಡೆ ತಿರುಗಿತು. ಅವರು ಉತ್ತರ ಹುಡುಕುತ್ತ ಬಾರಿಸತೊಡಗಿದರು. ಹುಡುಕುವಾಗ ಡೊಳ್ಳು ನಿಲ್ಲಬಾರದು. ಒಂದು ಸುತ್ತು ಬಾರಿಸಿದರು, ಇನ್ನೊಂದು ಸುತ್ತು ಬಾರಿಸಿದರು. ಒಮ್ಮೆ ಬಾಯಿ ತೆರೆದು ಮುಚ್ಚಿದರು. ಕ್ಯಾರಿಸ್ ನನ್ನ ಕಡೆ ನೋಡಿದರು, ನಾನು ತಲೆ ಅಲ್ಲಾಡಿಸಿದೆ. ನನಗೆ ಅವರ ಮರ್ಯಾದೆಯದೇ ಚಿಂತೆ. ಇಷ್ಟು ದೂರ ಕರೆತಂದು ಪರದೇಶದವರ ಎದುರು ಈ ಹಿರಿಯರನ್ನು ನಿಲ್ಲಿಸಿಬಿಟ್ಟೆನಲ್ಲ ಎನಿಸಿತು.

ಆಗ ಅವರು ಡೊಳ್ಳು ನಿಲ್ಲಿಸಿ ಒಂದೇ ಒಂದು ಮಾತು ಹೇಳಿದರು. ಅದೇ ಕ್ಷಣಕ್ಕೆ, ಮಾವ ಪದ ಎತ್ತಿದರು ಎಂದುಕೊಂಡು, ಸಿದ್ದಪ್ಪ ತನ್ನ ಡೊಳ್ಳಿಗೆ ಒಂದು ಪೆಟ್ಟು ಹಾಕಿದ. ಮಾತಿನ ಅರ್ಧ ಆ ಪೆಟ್ಟಿನಲ್ಲಿ ಮುಚ್ಚಿಹೋಯಿತು.

ಫೋನಿನಲ್ಲಿ ಲಕ್ಕವ್ವನ ಧ್ವನಿ ಬಂತು, ಈ ಸಲ ಹಾಡಲ್ಲ.

"ಅಕ್ಕೋರ, ಅಂವ ಏನಂದಾ? ಸೋತ್ನಿ ಅಂದನೋ, ಸೋಲ ಅಂದನೋ? ನನಗ ಬರೋಬ್ಬರಿ ಕೇಳಸಲಿಲ್ಲ."

ಅಲ್ಲಿಯವರೆಗೆ ನನಗೆ ಹೊಳೆದಿರಲಿಲ್ಲ. ಎದುರಾಳಿ ಇಲ್ಲದ ಗೆಲುವಿನ ಹೆಸರು ಸೋಲು. ಆಕೆಯ ಸವಾಲಿಗೆ ಅದೇ ಉತ್ತರ. ಸೋಲ ಎಂದಿದ್ದರೆ ಮಾಳಪ್ಪ ಸವಾಲು ಬಿಡಿಸಿದಂತೆ. ಸೋತ್ನಿ, ಅಂದರೆ ಸೋತೆ ಎಂದಿದ್ದರೆ, ಸೋತಂತೆ. ಇಷ್ಟು ಹತ್ತಿರದ ಎರಡು ಮಾತು, ನಡುವೆ ಡೊಳ್ಳಿನ ಒಂದು ಪೆಟ್ಟು.

"ಸಿದ್ದಪ್ಪನ್ನ ಕೇಳಂಗಿಲ್ಲ, ಅಂವ ಅವರ ಮ್ಯಾಳದಾಂವ," ಲಕ್ಕವ್ವ ಮುಂದುವರಿಸಿದರು. "ಅಲ್ಲಿ ದೈವ ಅಂದ್ರ ನೀವ ಒಬ್ಬರ ಅದೀರಿ. ಕೇಳಿದ್ದ ಹೇಳ್ರಿ."

ನಮ್ಮ ಕಡೆ ಕೂಡಿದ ಸಭೆಗೆ ದೈವ ಎನ್ನುತ್ತಾರೆ. ದೈವ ಕೇಳಿದ್ದೇ ಕೊನೆಯ ಮಾತು. ಆ ದೊಡ್ಡ ಸಭೆಯಲ್ಲಿ ಕನ್ನಡ ಕೇಳಬಲ್ಲ ದೈವ ನಾನೊಬ್ಬಳೇ. ನಾನು ಮಾಳಪ್ಪನಿಂದ ಕೈಯಳತೆಯ ದೂರದಲ್ಲಿದ್ದೆ, ತುಟಿಯನ್ನು ನೋಡುತ್ತಿದ್ದೆ, ನನಗೆ ಸ್ಪಷ್ಟವಾಗಿ ಕೇಳಿಸಿತ್ತು. ಒಂದು ಅಕ್ಷರ ಬದಲಿಸಿದರೆ ಅವರು ಗೆಲ್ಲುತ್ತಾರೆ. ಯಾರಿಗೂ ತಿಳಿಯುವುದಿಲ್ಲ. ನಾನು ಅವರ ಮುಖ ನೋಡಿದೆ. ಅವರು ಕಣ್ಣು ತಪ್ಪಿಸಲಿಲ್ಲ.

"ಕೇಳಿದ್ದ ಹೇಳ್ರಿ," ಎಂದರು ಅವರೂ.

"ಸೋತ್ನಿ ಅಂದ್ರು," ಎಂದೆ.

ಮಾಳಪ್ಪ ತಲೆದೂಗಿ, ಇದನ್ನು ಇಂಗ್ಲಿಷಿನಲ್ಲೂ ಹೇಳಬೇಕು ಎಂದರು. ದೈವಕ್ಕೆ ಕೇಳಿಸದ ಸೋಲು ಸೋಲಲ್ಲ. ನಾನು ಹೇಳಿದೆ. ಹುನ್ನೂರಿನ ಮಾಳಪ್ಪ ಸೋತಿದ್ದಾರೆ, ಬಾಡಗಂಡಿಯ ಲಕ್ಕವ್ವ ಗೆದ್ದಿದ್ದಾರೆ ಎಂದು, ಊರ ಹೆಸರುಗಳನ್ನು ಬಿಡಿಸಿ ಬಿಡಿಸಿ ಹೇಳಿದೆ. ಸಭೆ ಎದ್ದು ನಿಂತಿತು. ಖಾಲಿ ಕುರ್ಚಿಯ ಕಡೆ ತಿರುಗಿ, ಮಡಚಿದ ಕಂಬಳಿಯ ಮೇಲಿನ ಫೋನಿಗೆ ಚಪ್ಪಾಳೆ ಹೊಡೆದರು.

"ಏನದು ಸಪ್ಪಳ?" ಎಂದರು ಲಕ್ಕವ್ವ.

ಚಪ್ಪಾಳೆ, ನಿಮಗೇ ಎಂದೆ. ಆಕೆ ಅದನ್ನು ಪೂರ್ತಿ ಕೇಳಿಸಿಕೊಂಡರು. ಆಮೇಲೆ, ಸೋತವರು ಮುಂದಿನ ಪದ ಎತ್ತಬೇಕು, ಸುಮ್ಮನೆ ಯಾಕೆ ನಿಂತಿದ್ದಾನೆ ಎಂದು ಗದರಿದರು. ಮಾಳಪ್ಪ ಎತ್ತಿದರು. ಹಾಡು ಸಂಜೆಯವರೆಗೆ ನಡೆಯಿತು. ಮುಂದಿನ ಮೂರು ಸವಾಲಿನಲ್ಲಿ ಎರಡು ಅವರೇ ಗೆದ್ದರು, ಆದರೆ ಅವುಗಳನ್ನು ನಾನು ಸರಿಯಾಗಿ ತಿರುಗಿಸಿದೆನೋ ಇಲ್ಲವೋ ನೆನಪಿಲ್ಲ.

ಭಾನುವಾರ: ಬಸ್ಸು

ವಿಮಾನ ನಿಲ್ದಾಣಕ್ಕೆ ಹೋಗುವ ಬಸ್ಸಿನಲ್ಲಿ ಸಿದ್ದಪ್ಪ ಡೊಳ್ಳಿಗೆ ಒರಗಿ ನಿದ್ದೆ ಮಾಡುತ್ತಿದ್ದ. ನಾನು ಮಾಳಪ್ಪನ ಪಕ್ಕ ಕೂತಿದ್ದೆ. ತಡೆದು ತಡೆದು ಕೊನೆಗೆ ಕೇಳಿಯೇಬಿಟ್ಟೆ. ಆ ಸವಾಲಿನ ಉತ್ತರ ನಿಮಗೆ ಹೊಳೆದಿರಲಿಲ್ಲವೇ, ಅಥವಾ ಹೊಳೆದೂ ಸೋತ್ನಿ ಎಂದಿರಾ?

ಅವರು ಕಿಟಕಿಯಿಂದ ಬೇಲಿಯೊಳಗಿನ ಕುರಿಗಳನ್ನು ನೋಡುತ್ತಿದ್ದರು.

"ಸೋಲ ಅಂದಿದ್ರ ಏನಾಕ್ಕಿತ್ರಿ? ಎದುರು ಯಾರೂ ಇರಲಿಲ್ಲ ಅಂತ ನಾನ ಒಪ್ಪಿಗೊಂಡಂಗ," ಎಂದರು. "ಸೋತ್ನಿ ಅಂದ್ರ, ಆಕಿ ಬಂದಿದ್ಲು ಅಂತ ಆತಲ್ರಿ."